ವಿಜಯಪುರದ ಬಿಸಿಲಲ್ಲಿ ಮಕ್ಕಳ ಸೂಟಿ: ಊರು ಬಿಡದೆ ಏನೇನು ಮಾಡಬಹುದು?

ಪ್ರಶ್ನೆ: ನಾವು ವಿಜಯಪುರದವರು. ಮಗಳಿಗೆ 9 ವರ್ಷ, ಮಗನಿಗೆ 5. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮನೆಯಲ್ಲಿ ಅತ್ತೆ ಇದ್ದಾರೆ. ಸೂಟಿ ಶುರುವಾದಾಗಿನಿಂದ ಮಕ್ಕಳಿಗೆ ಬೆಳಿಗ್ಗೆ ಎದ್ದರೆ ಟಿವಿ, ಮಧ್ಯಾಹ್ನ ಮೊಬೈಲ್. ಹೊರಗೆ ಕಳಿಸೋಣ ಅಂದರೆ ಹತ್ತು ಗಂಟೆಗೇ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಊಟಿ, ಮೈಸೂರು ಅಂತ ಹೋಗಲು ರಜೆಯೂ ಇಲ್ಲ, ದುಡ್ಡೂ ಇಲ್ಲ. ಸಮ್ಮರ್ ಕ್ಯಾಂಪ್‌ಗೆ ಹಾಕಲೇಬೇಕಾ? ಇಲ್ಲೇ ಇದ್ದು ಮಕ್ಕಳು ಖುಷಿಯಾಗಿರುವಂಥದ್ದು ಏನಾದರೂ ಹೇಳಿ.

ಉತ್ತರ: ಮೊದಲು ಒಂದು ಮಾತು. ಇಡೀ ಸೂಟಿಗೆ ದಿನಕ್ಕೊಂದು ಹೊಸ ಚಟುವಟಿಕೆ ಹುಡುಕಲು ಹೋಗಬೇಡಿ. ಅದು ನಿಮಗೂ ಸುಸ್ತು, ಮಕ್ಕಳಿಗೂ ಮೂರನೇ ದಿನಕ್ಕೆ ಬೇಜಾರು. ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ವರ್ಷಗಟ್ಟಲೆ ಇದ್ದು, ಬೇಸಿಗೆ ಶಿಬಿರಗಳನ್ನೂ ನಡೆಸಿ ನಾನು ಕಂಡದ್ದು ಇಷ್ಟು: ಮಕ್ಕಳಿಗೆ ನಾಲ್ಕೈದು ಸಂಗತಿ ಸಾಕು. ಆದರೆ ಅವು ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗುತ್ತಿರಬೇಕು. ನಿನ್ನೆ ಅರ್ಧಕ್ಕೆ ಬಿಟ್ಟದ್ದು ಇವತ್ತು ಕಾಯುತ್ತಿದೆ ಅಂತ ಅನಿಸಿದರೆ ಮಗು ತಾನಾಗೇ ಹಾಸಿಗೆ ಬಿಟ್ಟು ಏಳುತ್ತದೆ.

ಇನ್ನೊಂದು, ನಮ್ಮ ಊರಲ್ಲಿ ದಿನವನ್ನು ಬಿಸಿಲಿಗೆ ತಕ್ಕಂತೆ ಕಟ್ಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೆಂಗಳೂರಿನವರ ಟೈಮ್‌ಟೇಬಲ್ ಇಲ್ಲಿ ನಡೆಯಲ್ಲ. ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಹೊರಗೆ. ಹನ್ನೊಂದರಿಂದ ನಾಲ್ಕರವರೆಗೆ ಕಡ್ಡಾಯವಾಗಿ ಒಳಗೆ. ಐದೂವರೆ ಆದಮೇಲೆ ಮತ್ತೆ ಹೊರಗೆ. ರಾತ್ರಿ ಮಾಳಿಗೆ ಮೇಲೆ. ಮಧ್ಯಾಹ್ನ ಒಂದು ತಾಸು ನಿದ್ದೆ ಮಾಡಿಸಿದರೆ ಬೆಳಿಗ್ಗೆ ಬೇಗ ಏಳುವುದು ಕಷ್ಟವಾಗಲ್ಲ. ಕೆಲಸಕ್ಕೆ ಹೋಗುವ ನಿಮಗೂ ಇದೇ ಅನುಕೂಲ. ಆರರಿಂದ ಏಳೂವರೆವರೆಗಿನ ಹೊತ್ತು ನಿಮ್ಮ ಕೈಯಲ್ಲೇ ಇದೆ, ಅಲ್ವಾ?

ಬೆಳಗಿನ ಹೊತ್ತಿಗೆ ನಿಮಗೆ ದೂರ ಹೋಗುವ ಅಗತ್ಯವೇ ಇಲ್ಲ. ದೇಶದ ಬೇರೆ ಬೇರೆ ಕಡೆಯಿಂದ ಜನ ದುಡ್ಡು ಖರ್ಚು ಮಾಡಿ ನೋಡಲು ಬರುವ ಊರಲ್ಲಿ ನೀವು ಮನೆ ಮಾಡಿದ್ದೀರಿ. ಆದರೆ ನಮ್ಮ ಊರಿನ ಎಷ್ಟೋ ಮಕ್ಕಳು ಗೋಳಗುಮ್ಮಟವನ್ನು ಶಾಲೆಯ ಪ್ರವಾಸದಲ್ಲಿ ಒಮ್ಮೆ, ನೆಂಟರು ಬಂದಾಗ ಒಮ್ಮೆ, ಅದೂ ಗದ್ದಲದಲ್ಲಿ ನೋಡಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಜನ ಕಡಿಮೆ, ಕಲ್ಲು ಇನ್ನೂ ತಣ್ಣಗಿರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಹತ್ತುವಾಗ ಮಗನಿಗೆ ಎಣಿಸಲು ಹೇಳಿ. ಮೆಟ್ಟಿಲು ಇಕ್ಕಟ್ಟು, ಕೈ ಬಿಡಬೇಡಿ. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಬಂದ ಮೇಲೆ ಮಗಳನ್ನು ಒಂದು ಕಡೆ ಕೂರಿಸಿ, ನೀವು ಸರಿಯಾಗಿ ಎದುರು ಬದಿಗೆ ನಡೆದುಕೊಂಡು ಹೋಗಿ. ಗೋಡೆ ಕಡೆ ಮುಖ ಮಾಡಿ ಅವಳ ಹೆಸರನ್ನು ಮೆಲ್ಲಗೆ ಹೇಳಿ. ಕೂಗಬೇಡಿ. ಅಷ್ಟು ದೂರದಲ್ಲಿ ಕೂತ ಮಗುವಿಗೆ ಅಮ್ಮ ಕಿವಿಯ ಹತ್ತಿರವೇ ಮಾತಾಡಿದಂತೆ ಕೇಳಿಸುತ್ತದೆ. ಆಗ ಆ ಮುಖ ನೋಡಬೇಕು.

ಅದಾದ ಮೇಲೆ ಒಂದು ಚಪ್ಪಾಳೆ ತಟ್ಟಿ, ಎಷ್ಟು ಸಲ ವಾಪಸ್ ಬಂತು ಅಂತ ಇಬ್ಬರೂ ಬೇರೆ ಬೇರೆ ಎಣಿಸಲಿ. ಏಳು ಸಲ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಮಕ್ಕಳಿಗೆ ಎಷ್ಟು ಕೇಳಿಸಿತು ಅನ್ನುವುದು ಅವರ ನೋಟ್‌ಬುಕ್ಕಿಗೆ ಬರಲಿ. ಯಾಕೆ ಹೀಗೆ ಅಂತ ಮಗಳು ಕೇಳೇ ಕೇಳುತ್ತಾಳೆ. ಬಾಗಿದ ಗೋಡೆ ದನಿಯನ್ನು ಚದುರಲು ಬಿಡದೆ ತನ್ನ ಮೈಗುಂಟ ಸಾಗಿಸುತ್ತದೆ ಅಂತ ಹೇಳಿ. ಮನೆಗೆ ಬಂದು ಖಾಲಿ ಹಂಡೆಯೊಳಗೆ ಮುಖ ಇಟ್ಟು ಮಾತಾಡಿ ನೋಡಲಿ. ಹಂಡೆಯಲ್ಲೂ ದನಿ ಗೋಡೆಗೆ ತಾಗಿ ತಿರುಗಿ ಬರುತ್ತದೆ. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಮೊಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದ. ತನ್ನ ಸಮಾಧಿಗೆ ಅಂತ ಇದನ್ನು ಕಟ್ಟಿಸಿದ. ಮಗಳಿಗೆ ಇಸವಿ ಬಾಯಿಪಾಠ ಮಾಡಿಸಬೇಡಿ, ಕಳೆದು ನೋಡಲು ಕೊಡಿ: ನಿನ್ನ ಅಜ್ಜಿ ಹುಟ್ಟುವುದಕ್ಕೆ ಎಷ್ಟು ವರ್ಷ ಮೊದಲು? ಎದುರಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಕೂಡ ತೋರಿಸಬೇಕೆಂದರೆ ಶುಕ್ರವಾರ ಬಿಟ್ಟು ಬೇರೆ ದಿನ ಹೋಗಿ. ಶುಕ್ರವಾರ ಅದಕ್ಕೆ ರಜೆ.

ಒಂದು ಬೆಳಿಗ್ಗೆ ಒಂದೇ ಜಾಗ. ಇದನ್ನು ಒತ್ತಿ ಹೇಳುತ್ತೇನೆ. ಒಂದೇ ದಿನ ಇಬ್ರಾಹಿಂ ರೋಜಾ, ಬಾರಾ ಕಮಾನ್, ಉಪ್ಪಲಿ ಬುರುಜು ಎಲ್ಲ ಸುತ್ತಿಸಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಐಸ್‌ಕ್ರೀಮ್ ಮಾತ್ರ. ಬಾರಾ ಕಮಾನ್‌ಗೆ ಹೋದ ದಿನ ಪೇಪರ್, ಪೆನ್ಸಿಲ್ ಒಯ್ಯಿರಿ. ಎರಡನೇ ಅಲಿ ಆದಿಲ್ ಶಾಹನ ಸಮಾಧಿ ಅದು, ಅರ್ಧಕ್ಕೆ ನಿಂತಿದೆ. ಬರೀ ಕಮಾನುಗಳು ಆಕಾಶ ನೋಡುತ್ತ ನಿಂತಿವೆ. ಇದನ್ನು ಪೂರ್ತಿ ಮಾಡಿದ್ದರೆ ಹೇಗಿರುತ್ತಿತ್ತು ಅಂತ ಬಿಡಿಸಲು ಹೇಳಿ. ಐದು ವರ್ಷದ ಹುಡುಗ ಮೇಲೊಂದು ಹೆಲಿಕಾಪ್ಟರ್ ಇಟ್ಟರೂ ತಿದ್ದಬೇಡಿ.

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಅಳತೆಯ ಆಟ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ಉದ್ದ 4 ಮೀಟರ್‌ಗೂ ಜಾಸ್ತಿ, ತೂಕ ಸುಮಾರು 55 ಟನ್. ಪಕ್ಕದಲ್ಲಿ ಹೆಜ್ಜೆ ಹಾಕಿ ಮಗ ತನ್ನ ಕಾಲಲ್ಲಿ ಎಷ್ಟು ಅಂತ ಅಳೆಯಲಿ, ಮಗಳು ತನ್ನದರಲ್ಲಿ ಅಳೆಯಲಿ. ಲೆಕ್ಕ ಬೇರೆ ಬೇರೆ ಬರುತ್ತದೆ. ಯಾರದ್ದು ಸರಿ ಅಂತ ಜಗಳ ಆಗುತ್ತದೆ. ಆ ಜಗಳದಲ್ಲೇ ಅಳತೆಗೆ ಎಲ್ಲರಿಗೂ ಒಂದೇ ಮಾನ ಯಾಕೆ ಬೇಕು ಅನ್ನುವುದು ಗೊತ್ತಾಗುತ್ತದೆ. ತೋಪಿನ ಬಾಯಿ ನೋಡಲು ಮರೆಯಬೇಡಿ. ಸಿಂಹದ ಬಾಯೊಳಗೆ ಆನೆ ಸಿಕ್ಕಿಕೊಂಡಿದೆ. ಅದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ತೋರಿಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರಿನ ಹುಡುಕಾಟ. ಇಷ್ಟು ಬಿಸಿಲಿನ ಊರಿಗೆ ಆಗಿನ ಕಾಲದಲ್ಲಿ ನೀರು ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆ ಇಟ್ಟುಕೊಂಡು ಹೊರಡಿ. ತೊರವಿ ಕಡೆಯಿಂದ ಮತ್ತು 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್‌ನಿಂದ ಸುರಂಗ ಮತ್ತು ಮಣ್ಣಿನ ಕೊಳವೆಗಳ ಮೂಲಕ ನೀರು ಊರೊಳಗೆ ಬರುತ್ತಿತ್ತು. ಕೊಳವೆಯಲ್ಲಿ ಒತ್ತಡ ಜಾಸ್ತಿಯಾಗಿ ಒಡೆಯಬಾರದು ಅಂತ ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಗೋಪುರ ಕಟ್ಟಿದ್ದರು. ಅವಕ್ಕೆ ಗಂಜ್ ಅನ್ನುತ್ತಾರೆ. ಇವತ್ತಿಗೂ ಊರಲ್ಲಿ ಕೆಲವು ನಿಂತಿವೆ. ಸ್ಕೂಟರ್‌ನಲ್ಲಿ ಹೋಗುವಾಗ ನಾವು ನೋಡದೆ ದಾಟಿ ಬಿಡುತ್ತೇವೆ. ಮಕ್ಕಳಿಗೆ ಗಂಜ್ ಹುಡುಕುವ ಕೆಲಸ ಕೊಡಿ. ಒಂದು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿ. ಕಂಡ ಗಂಜ್, ಬಾವಡಿ, ಕೆರೆ ಎಲ್ಲ ಅದರಲ್ಲಿ ಗುರುತು ಆಗಲಿ. 1620ರ ತಾಜ್ ಬಾವಡಿ, 1579ರ ಚಾಂದ್ ಬಾವಡಿ ಎರಡೂ ಸೇರಲಿ. ಬಾವಡಿಗಳನ್ನು ಮೇಲಿನಿಂದ ನೋಡಿದರೆ ಸಾಕು, ಮೆಟ್ಟಿಲು ಇಳಿಯುವುದು ಬೇಡ. ಸೂಟಿ ಮುಗಿಯುವ ಹೊತ್ತಿಗೆ ಆ ನಕ್ಷೆ ತುಂಬಿರುತ್ತದೆ. ಶಾಲೆಗೆ ಒಯ್ದು ತೋರಿಸುವಂಥದ್ದು ಅದು.

ಈಗ ಮಧ್ಯಾಹ್ನ. ಇದೇ ಕಷ್ಟದ ಹೊತ್ತು, ಮತ್ತು ಈ ಹೊತ್ತಲ್ಲಿ ನೀವು ಮನೆಯಲ್ಲಿ ಇರಲ್ಲ. ಇಲ್ಲಿ ನಿಮ್ಮ ಅತ್ತೆಯೇ ದೊಡ್ಡ ಬಲ. ಆದರೆ ಅವರಿಗೆ ಇಬ್ಬರು ಮಕ್ಕಳನ್ನು ಕಾಯುವ ಕೆಲಸ ಮಾತ್ರ ಕೊಟ್ಟರೆ ಅವರಿಗೂ ಸಾಕಾಗುತ್ತದೆ, ಕೊನೆಗೆ ಮೊಬೈಲೇ ಗತಿಯಾಗುತ್ತದೆ. ಅವರಿಗೆ ಬರುವ ಒಂದು ಆಟ ಕಲಿಸಿಕೊಡಿ ಅಂತ ಕೇಳಿ. ಚೌಕಾಬಾರ, ಅಳಗುಳಿ ಮಣೆ, ಆಡು-ಹುಲಿ, ಗಜ್ಜುಗದ ಆಟ, ಯಾವುದಾದರೂ ಒಂದು ಅವರಿಗೆ ಬಂದೇ ಬರುತ್ತದೆ.

ಚೌಕಾಬಾರ ಆದರೆ ಮೊದಲ ದಿನ ಆಡುವುದು ಬೇಡ, ಸಾಮಾನು ಮಾಡಿಕೊಳ್ಳುವುದೇ ಕೆಲಸ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕೂ ಬದಿಯ ನಡುವಿನ ಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೀರು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತೇಯಬೇಕು. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ ತೇಯಬೇಕು. ಐದು ವರ್ಷದ ಹುಡುಗನಿಗೆ ಇದು ಅರ್ಧ ತಾಸಿನ ಕೆಲಸ, ಮತ್ತು ಅವನು ಅಲ್ಲಾಡದೆ ಕೂತು ಮಾಡುತ್ತಾನೆ. ತೇಯ್ದ ಬೀಜ ಬಿಸಿಯಾಗುತ್ತದೆ. ಅದನ್ನು ಅಕ್ಕನ ಕೈಗೆ ಒತ್ತಿ ಚುರುಕು ಮುಟ್ಟಿಸುವುದೂ ಆಟದ ಒಂದು ಭಾಗ. ಆಮೇಲೆ ಕಾಯಿ. ಒಬ್ಬೊಬ್ಬರಿಗೆ ನಾಲ್ಕು: ಬಳೆ ಚೂರು, ಕಲ್ಲು, ಗುಂಡಿ, ಕಾಳು, ಅವರವರ ಇಷ್ಟ. ಬಿಳಿ ಮೇಲಾದಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಂದು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಮನೆಯಿಂದ ಮನೆಗೆ ನಿಯಮ ಸ್ವಲ್ಪ ಬದಲಾಗುತ್ತದೆ, ಅತ್ತೆ ಹೇಳಿದ್ದೇ ಕೊನೆ. ಸೋತಾಗ ಚಿಕ್ಕವನು ಅಳುತ್ತಾನೆ. ಅಳಲಿ ಬಿಡಿ. ಮತ್ತೆ ಆಡಲು ಬರುತ್ತಾನೆ.

ಇನ್ನೊಂದು ಒಳ್ಳೆಯ ಕೆಲಸ ಮಣ್ಣು. ನಮ್ಮ ಸುತ್ತ ಎರೆಮಣ್ಣು ಬೇಕಾದಷ್ಟು. ಭಾನುವಾರ ಹೊಲದ ಕಡೆ ಹೋದಾಗ ಒಂದು ಬುಟ್ಟಿ ತನ್ನಿ. ಹೆಂಟೆ ಒಡೆದು, ಕಲ್ಲು, ಬೇರು ತೆಗೆದು, ರಾತ್ರಿಯಿಡೀ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಹೆಚ್ಚಿನ ನೀರು ಚೆಲ್ಲಿ, ಒಂದು ಹಿಡಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ ನಾದಬೇಕು. ಎರೆಮಣ್ಣು ಒಣಗುವಾಗ ತುಂಬಾ ಕುಗ್ಗುತ್ತದೆ, ಅದಕ್ಕೇ ಹೊಲ ಬೇಸಿಗೆಯಲ್ಲಿ ಬಿರಿಯುವುದು. ಹತ್ತಿಯ ಎಳೆ ಅದನ್ನು ಹಿಡಿದಿಡುತ್ತದೆ. ಅಂಗೈಗೆ ಅಂಟದಷ್ಟು ಹದವಾದ ಮೇಲೆ ಎತ್ತು ಮಾಡಿಸಿ. ಮೊದಲು ದಪ್ಪ ಮೈ. ಅದೇ ಮಣ್ಣಿನಿಂದ ನಾಲ್ಕು ಕಾಲು ಜಗ್ಗಿ ತೆಗೆಯಬೇಕು, ಬೇರೆ ಮಾಡಿ ಅಂಟಿಸಿದರೆ ಬಿದ್ದು ಹೋಗುತ್ತವೆ. ಹಿಣಿಲು ಎತ್ತಬೇಕು. ಕೋಡಿನೊಳಗೆ ಪೊರಕೆ ಕಡ್ಡಿಯ ಚೂರು ಇಡಬೇಕು. ಒಣಗಿಸುವುದು ನೆರಳಲ್ಲಿ. ಬಿಸಿಲಲ್ಲಿ ಇಟ್ಟರೆ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಇರುತ್ತದೆ, ಸಂಜೆಗೆ ಎತ್ತಿನ ಹೊಟ್ಟೆ ಸೀಳಿರುತ್ತದೆ. ಬೇಕಿದ್ದರೆ ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಇಟ್ಟು ಮಕ್ಕಳೇ ನೋಡಲಿ. ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬರುವ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಆ ದಿನ ಪೂಜೆಗೆ ಪೇಟೆಯಿಂದ ಎತ್ತು ತರುವ ಬದಲು ಇವರು ಮಾಡಿದ ಜೋಡಿಯನ್ನೇ ಇಡಿ.

ಅಡುಗೆಮನೆಯನ್ನೂ ಬಿಡಬೇಡಿ. ಬೇಸಿಗೆ ಅಂದರೆ ನಮ್ಮ ಕಡೆ ಶಾವಿಗೆ, ಹಪ್ಪಳ, ಸಂಡಿಗೆ, ಕುರಡಗಿಯ ಕಾಲ. ಮಾಳಿಗೆ ಮೇಲೆ ಹಾಳೆ ಹಾಸಿ ಸಂಡಿಗೆ ಇಡುವುದು ಬೆಳಗಿನ ಏಳರೊಳಗೆ ಮುಗಿಯುವ ಕೆಲಸ. ಮಕ್ಕಳು ಇಟ್ಟ ಸಂಡಿಗೆ ಸೊಟ್ಟ ಇರುತ್ತವೆ, ಕರಿದಾಗ ರುಚಿ ಅದೇ. ಕಾಗೆ ಓಡಿಸುವ ಡ್ಯೂಟಿ ಚಿಕ್ಕವನಿಗೆ ಕೊಡಿ, ಆದರೆ ನೆರಳಲ್ಲಿ ಕೂತು, ಎಂಟೂವರೆವರೆಗೆ ಮಾತ್ರ. ಮಗಳಿಗೆ ಶರಬತ್ತಿನ ಜವಾಬ್ದಾರಿ ಕೊಡಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಜಿಲ್ಲೆಯದೇ ಹಣ್ಣು. ಒಂದು ಗ್ಲಾಸಿಗೆ ಅರ್ಧ ಲಿಂಬೆ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಆರು ಜನರಿಗೆ ಎಷ್ಟು? ಲೆಕ್ಕ ಅವಳೇ ಹಾಕಲಿ. ದಿನಾ ಸಂಜೆ ನೀವು ಕೆಲಸದಿಂದ ಬಂದಾಗ ಅವಳು ಮಾಡಿದ ಶರಬತ್ತು ಕುಡಿದು, ಇವತ್ತು ಹುಳಿ ಜಾಸ್ತಿ, ಇವತ್ತು ಸರಿಯಾಗಿದೆ ಅಂತ ನಿಜ ಹೇಳಿ. ಮಕ್ಕಳಿಗೆ ಸುಮ್ನೆ ಹೊಗಳಿದರೆ ಗೊತ್ತಾಗುತ್ತದೆ.

ಮೊಬೈಲ್ ಪೂರ್ತಿ ಕಿತ್ತುಕೊಳ್ಳಿ ಅಂತ ನಾನು ಹೇಳಲ್ಲ. ಮಧ್ಯಾಹ್ನ ಊಟ ಆದಮೇಲೆ ಒಂದು ತಾಸು, ಹಾಲ್‌ನಲ್ಲಿ ಕೂತು, ಟಿವಿ ಪರದೆಯ ಮೇಲೆ ಇಬ್ಬರೂ ಸೇರಿ ನೋಡುವುದು. ಹೊತ್ತು ಗೊತ್ತಿದ್ದರೆ ಬೇಡಾಟ ಕಡಿಮೆಯಾಗುತ್ತದೆ. ಮತ್ತೆ ನೀವು ಮನೆಗೆ ಬಂದ ಮೇಲೆ ನಿಮ್ಮ ಫೋನ್ ಕಪಾಟಿನ ಮೇಲಿರಲಿ. ಬೇಜಾರು, ಬೇಜಾರು ಅಂತ ಮಗ ಹಿಂದೆ ಸುತ್ತಿದರೆ ಗಾಬರಿಯಾಗಿ ಏನಾದರೂ ಕೊಡಲು ಓಡಬೇಡಿ. ಹತ್ತಿಪ್ಪತ್ತು ನಿಮಿಷ ಬಿಡಿ. ಮಂಚದ ಕೆಳಗೆ ಸೀರೆ ಕಟ್ಟಿ ಮನೆ ಮಾಡುವ ಯೋಚನೆ ಆ ಬೇಜಾರಿನಿಂದಲೇ ಬರುವುದು.

ಈ ಸೂಟಿಯಲ್ಲಿ ತಪ್ಪಿಸಿಕೊಳ್ಳಬಾರದ ಒಂದು ದಿನ ಇದೆ. ಮೇ 7ರ ಆಸುಪಾಸು ವಿಜಯಪುರದಲ್ಲಿ ಮಧ್ಯಾಹ್ನ ನೆರಳು ಮಾಯವಾಗುತ್ತದೆ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ ಅದು. ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ನಮ್ಮ ಊರಿಗೆ ಅದು ವರ್ಷದಲ್ಲಿ ಎರಡೇ ಸಲ, ಮೇ ಮೊದಲ ವಾರ ಮುಗಿಯುವಾಗ ಮತ್ತು ಆಗಸ್ಟ್ 5ರ ಸುಮಾರಿಗೆ. ಬಾಗಲಕೋಟೆಯಲ್ಲಿ ಇದು ಎರಡು ಮೂರು ದಿನ ಮೊದಲೇ ಆಗುತ್ತದೆ, ಬೆಳಗಾವಿಯಲ್ಲಿ ಇನ್ನೂ ಸ್ವಲ್ಪ ಮೊದಲು, ಮೇ 3-4ರ ಹೊತ್ತಿಗೆ. ದೆಹಲಿಯ ಮಕ್ಕಳಿಗೆ ಈ ಭಾಗ್ಯ ಇಲ್ಲವೇ ಇಲ್ಲ. ಕರ್ಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಊರುಗಳಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ಮಾಡುವುದು ಹೀಗೆ. ಏಪ್ರಿಲ್‌ನಿಂದಲೇ ಶುರು ಮಾಡಿದರೆ ಚೆನ್ನ. ಮಾಳಿಗೆಯ ಸಮತಟ್ಟಾದ ಜಾಗದಲ್ಲಿ ಒಂದು ನೆಟ್ಟಗಿನ ಕೋಲನ್ನು ಮಣ್ಣು ತುಂಬಿದ ಡಬ್ಬಿಗೆ ಸಿಕ್ಕಿಸಿ ನಿಲ್ಲಿಸಿ. ಪ್ರತಿ ಭಾನುವಾರ ಮಧ್ಯಾಹ್ನ 12 ಗಂಟೆ 23 ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ನಮ್ಮ ಊರಿನ ನಡುಮಧ್ಯಾಹ್ನ ಗಡಿಯಾರದ 12ಕ್ಕೆ ಆಗಲ್ಲ, ಹೆಚ್ಚುಕಡಿಮೆ ಈ ಹೊತ್ತಿಗೆ ಆಗುತ್ತದೆ. ಭಾರತದ ಗಡಿಯಾರ ನಮಗಿಂತ ಪೂರ್ವದ ರೇಖಾಂಶಕ್ಕೆ ಕೂಡಿಸಿದ್ದು, ಸೂರ್ಯ ನಮ್ಮ ತಲೆ ಮೇಲೆ ಬರಲು ಇನ್ನೂ ಅಷ್ಟು ನಿಮಿಷ ಬೇಕು. ವಾರದಿಂದ ವಾರಕ್ಕೆ ನೆರಳು ಗಿಡ್ಡ ಆಗುತ್ತ ಬರುತ್ತದೆ. ಮೇ 7ರಂದು ಹನ್ನೆರಡು ಹತ್ತರಿಂದ ನಿಮಿಷ ನಿಮಿಷಕ್ಕೂ ನೋಡಿ. ಕೋಲಿನ ಬುಡಕ್ಕೆ ನೆರಳು ಸೇರಿಕೊಂಡು ಬಿಡುತ್ತದೆ. ಬೋರಲು ಹಾಕಿದ ಸ್ಟೀಲ್ ಲೋಟ ನೆರಳೇ ಇಲ್ಲದೆ ನೆಲದ ಮೇಲೆ ತೇಲಿದಂತೆ ಕಾಣುತ್ತದೆ. ಮಗ ಜಿಗಿದಾಗ ಮಾತ್ರ ಕಾಲ ಕೆಳಗೆ ಒಂದು ಕಪ್ಪು ಮಚ್ಚೆ ಬಂದು ಹೋಗುತ್ತದೆ. ಆಮೇಲಿನ ವಾರ ಇನ್ನೂ ಸೋಜಿಗ. ಅಲ್ಲಿಯವರೆಗೆ ಉತ್ತರಕ್ಕೆ ಬೀಳುತ್ತಿದ್ದ ಮಧ್ಯಾಹ್ನದ ನೆರಳು ಈಗ ದಕ್ಷಿಣಕ್ಕೆ ಬೀಳಲು ಶುರುವಾಗುತ್ತದೆ, ಆಗಸ್ಟ್‌ವರೆಗೆ ಹಾಗೇ ಇರುತ್ತದೆ. ಭೂಮಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ ಅನ್ನುವ ಪಾಠ ಮುಂದೆ ಪುಸ್ತಕದಲ್ಲಿ ಬಂದಾಗ ನಿಮ್ಮ ಮಗಳು ಅದನ್ನು ಆಗಲೇ ಕಣ್ಣಾರೆ ಕಂಡಿರುತ್ತಾಳೆ. ಒಂದು ಎಚ್ಚರಿಕೆ: ಇದು ಸುಡುಬಿಸಿಲಿನ ಹೊತ್ತು. ಕಾಲಿಗೆ ಚಪ್ಪಲಿ, ತಲೆಗೆ ಟೋಪಿ, ಗುರುತು ಹಾಕಿ ತಕ್ಷಣ ಒಳಗೆ. ಸೂರ್ಯನನ್ನು ನೇರವಾಗಿ ನೋಡುವುದು ಬೇಡ, ಆಟ ಎಲ್ಲ ನೆಲದ ಮೇಲೇ ಇದೆ.

ಸಂಜೆಗೆ ಜಾಸ್ತಿ ಹೇಳಬೇಕಿಲ್ಲ. ಓಣಿಯ ಮಕ್ಕಳು ಸೇರಿದರೆ ಲಗೋರಿ, ಕುಂಟಾಟ, ಚಿನ್ನಿದಾಂಡು ತಾನಾಗೇ ಶುರುವಾಗುತ್ತದೆ. ನೀವು ಮಾಡಬೇಕಾದದ್ದು ಮಕ್ಕಳನ್ನು ಸೇರಿಸುವುದು. ಅಕ್ಕಪಕ್ಕದ ಎರಡು ಮೂರು ಮನೆಯವರ ಜೊತೆ ಮಾತಾಡಿ, ಸರದಿಯ ಮೇಲೆ ಒಬ್ಬರು ದೊಡ್ಡವರು ಕಟ್ಟೆ ಮೇಲೆ ಕೂತಿರಲಿ. ಪಾರ್ಕಿಗೆ ಹೋದರೆ ಕಬ್ಬಿಣದ ಜಾರುಬಂಡಿಯನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ, ಆರು ಗಂಟೆಗೂ ಅದು ಕಾದಿರುತ್ತದೆ. ಮಗಳಿಗೆ ಸೈಕಲ್ ಬರದಿದ್ದರೆ ಈ ಸೂಟಿಯಲ್ಲಿ ಕಲಿಸಿ ಬಿಡಿ.

ಈಜಿನ ವಿಷಯ ಮಾತ್ರ ನಿಧಾನವಾಗಿ ಓದಿ. ಬೇಸಿಗೆ ಬಂತೆಂದರೆ ನಮ್ಮ ಜಿಲ್ಲೆಗಳಲ್ಲಿ ಕಾಲುವೆ, ಕೃಷಿ ಹೊಂಡ, ಬಾವಿ, ನದಿಯಲ್ಲಿ ಮಕ್ಕಳು ಮುಳುಗಿದ ಸುದ್ದಿ ಬರುತ್ತದೆ. ಸಿಮೆಂಟ್ ಹಾಕಿದ ಕಾಲುವೆಯ ಬದಿ ಇಳಿಜಾರು, ಪಾಚಿ ಹಿಡಿದಿರುತ್ತದೆ, ಹಿಡಿದುಕೊಳ್ಳಲು ಏನೂ ಇರಲ್ಲ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯೂ ಹಾಗೇ. ಒಮ್ಮೆ ಜಾರಿದರೆ ಈಜು ಬರುವವರಿಗೂ ಮೇಲೆ ಬರುವುದು ಕಷ್ಟ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಹಾಗಾಗಿ ಈಜು ಕಲಿಸಿ, ಖಂಡಿತ ಕಲಿಸಿ, ಆದರೆ ಕಲಿಸುವವರು ಇರುವ ಈಜುಕೊಳದಲ್ಲಿ. ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿ ಕಲಿಸುವ ರೂಢಿ ಇದೆ. ಚೆನ್ನಾಗಿ ಈಜು ಬರುವ ದೊಡ್ಡವರೊಬ್ಬರು ನೀರಿನೊಳಗೇ, ಮಗುವಿಗೆ ಕೈಯಳತೆಯಲ್ಲಿ ಇದ್ದರೆ ಮಾತ್ರ ಅದಕ್ಕೆ ಒಪ್ಪಿ. ಅಣ್ಣ ಇದ್ದಾನೆ, ಗೆಳೆಯರಿದ್ದಾರೆ ಅಂತ ಕಳಿಸಬೇಡಿ. ಅಜ್ಜನ ಊರಿಗೆ ಮಕ್ಕಳನ್ನು ಕಳಿಸುವಾಗ ಅಲ್ಲಿಯವರಿಗೆ ಇದನ್ನು ಫೋನಿನಲ್ಲಿ ಅಲ್ಲ, ಎದುರಿಗೆ ಕೂತು ಹೇಳಿ. ಆದರೆ ಅಜ್ಜನ ಊರಿಗೆ ಕಳಿಸುವುದನ್ನು ಬಿಡಬೇಡಿ, ಒಂದು ವಾರವಾದರೂ ಕಳಿಸಿ.

ರಾತ್ರಿ ಮಾಳಿಗೆ ಮೇಲೆ ಮಲಗುವ ಮನೆ ನಿಮ್ಮದಾದರೆ ನೀವು ಪುಣ್ಯವಂತರು. ಸುತ್ತುಗೋಡೆ ಎತ್ತರ ಇರಬೇಕು, ಸೊಳ್ಳೆಪರದೆ ಕಟ್ಟಿಕೊಳ್ಳಿ. ಏಪ್ರಿಲ್, ಮೇ ರಾತ್ರಿಗಳಲ್ಲಿ ಎಂಟೂವರೆ ಹೊತ್ತಿಗೆ ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ. ಇನ್ನೂ ಮುಂದೆ ಹೋದರೆ ಬೆಳ್ಳಗಿನ ಚಿತ್ರಾ. ಮಳೆ ನಕ್ಷತ್ರಗಳ ಹೆಸರು ಅತ್ತೆಗೆ ಗೊತ್ತಿರುತ್ತದೆ, ಆ ಸ್ವಾತಿ ಇದೇ ಅಂತ ಅವರಿಗೂ ತೋರಿಸಿ. ಮೇ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ದಕ್ಷಿಣದ ಅಂಚಿನಲ್ಲಿ, ತೀರಾ ಕೆಳಗೆ, ನಾಲ್ಕು ಚುಕ್ಕಿಯ ತ್ರಿಶಂಕು ಕಾಣುತ್ತದೆ. ಅದರ ಎಡಕ್ಕೆ ಎರಡು ಹೊಳೆಯುವ ನಕ್ಷತ್ರ. ಉತ್ತರ ಭಾರತದವರಿಗೆ ಇದು ಸರಿಯಾಗಿ ಸಿಗುವುದೇ ಇಲ್ಲ. ಹತ್ತು ಗಂಟೆಗೆ ಆಗ್ನೇಯದಲ್ಲಿ ವೃಶ್ಚಿಕ ಎದ್ದಿರುತ್ತದೆ. ಅದರ ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ ಇರುತ್ತದೆ. ನಿಜವಾಗಿಯೂ ಚೇಳಿನಂತೆ ಕಾಣುವ ಪುಂಜ ಅದು, ಐದು ವರ್ಷದವನೂ ಗುರುತಿಸುತ್ತಾನೆ.

ಪ್ರವಾಸ ಬೇಕೇ ಬೇಕು ಅನಿಸಿದರೆ ಒಂದೋ ಎರಡೋ ಸಾಕು. ಆಲಮಟ್ಟಿ ಹತ್ತಿರ, ರೈಲೂ ಇದೆ, ಬಸ್ಸೂ ಇದೆ. ಮಧ್ಯಾಹ್ನ ನಾಲ್ಕರ ಮೇಲೆ ತಲುಪುವಂತೆ ಹೊರಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಅಣೆಕಟ್ಟು ಅದು, ಜಲಾಶಯಕ್ಕೂ ಅವರದೇ ಹೆಸರು. 26 ಗೇಟುಗಳನ್ನು ಮಗ ಎಣಿಸಲಿ. ಉದ್ಯಾನ, ಸಂಗೀತ ಕಾರಂಜಿ ನೋಡಿ ಬನ್ನಿ. ಇನ್ನೊಂದು ಬಾದಾಮಿ. ಹಿಂದಿನ ರಾತ್ರಿ ಹೋಗಿ ಉಳಿದು, ಬೆಳಕು ಹರಿದ ಕೂಡಲೇ ಗುಹೆ ಹತ್ತುವುದಾದರೆ ಮಾತ್ರ ಹೋಗಿ. ಹತ್ತು ಗಂಟೆಯಾದರೆ ಆ ಕೆಂಪು ಬಂಡೆ ಕಾದು ಕೆಂಡ. 578ರ ಶಾಸನ ಇರುವ ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು, ಚಾವಣಿ ನೋಡಲು ಮಕ್ಕಳನ್ನು ನೆಲಕ್ಕೆ ಕೂರಿಸಿ. ಕೈಯಲ್ಲಿ ತಿಂಡಿ ಹಿಡಿಯಬೇಡಿ, ಮಂಗಗಳು ಕಸಿಯುತ್ತವೆ. ಗೋಕಾಕ ಫಾಲ್ಸ್ ಅಂತ ಯಾರಾದರೂ ಹೇಳಿದರೆ ಈಗ ಬೇಡ ಅನ್ನಿ. ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಜಾಸ್ತಿ, ನೀರು ಕಡಿಮೆ. ಜುಲೈ, ಆಗಸ್ಟಿನಲ್ಲಿ ಅದು 52 ಮೀಟರ್ ಎತ್ತರದಿಂದ ಮೈತುಂಬಿ ಬೀಳುತ್ತದೆ. ಆಗ ಒಂದು ಭಾನುವಾರ ಇಟ್ಟುಕೊಳ್ಳಿ.

ಸಮ್ಮರ್ ಕ್ಯಾಂಪ್‌ಗೆ ಹಾಕಲೇಬೇಕಾ ಅಂತ ಕೇಳಿದ್ದೀರಿ. ಹಾಕಲೇಬೇಕು ಅಂತೇನಿಲ್ಲ. ಮಗಳಿಗೆ ಹೊಸ ಗೆಳತಿಯರು ಸಿಗಲಿ ಅಂತ ಹತ್ತು ದಿನ ಹಾಕಿದರೆ ತಪ್ಪೂ ಇಲ್ಲ. ಫೀ ಕೇಳುವ ಮೊದಲು ಎಷ್ಟು ಗಂಟೆಗೆ ಬಿಡುತ್ತಾರೆ ಕೇಳಿ. ಹತ್ತೂವರೆ ದಾಟಿ ಮಕ್ಕಳನ್ನು ಮೈದಾನದಲ್ಲಿ ಇಡುವ ಕ್ಯಾಂಪ್ ಬೇಡ. ಕುಡಿಯುವ ನೀರು, ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ, ಇಷ್ಟನ್ನು ಕಣ್ಣಾರೆ ನೋಡಿ ಬನ್ನಿ. ಐದು ವರ್ಷದವನಿಗೆ ಕ್ಯಾಂಪ್ ಬೇಕಿಲ್ಲ, ಅವನಿಗೆ ಅಜ್ಜಿ, ಮಣ್ಣು, ನೀರಿನ ಬಕೆಟ್ ಸಾಕು.

ಕೊನೆಗೆ ಬಿಸಿಲಿನ ಆರೋಗ್ಯ. ಇದನ್ನು ಅತ್ತೆಗೂ ಓದಿ ಹೇಳಿ. ಬಾಯಾರಿಕೆ ಅನ್ನುವವರೆಗೆ ಕಾಯದೆ ತಾಸಿಗೊಮ್ಮೆ ನೀರು, ಮಜ್ಜಿಗೆ ಅಥವಾ ಅಂಬಲಿ ಕೊಡಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ನಿಲ್ಲಿಸಿದ ಕಾರಿನಲ್ಲಿ ಎರಡು ನಿಮಿಷಕ್ಕೂ ಮಗುವನ್ನು ಬಿಡಬೇಡಿ. ತಲೆನೋವು, ವಾಕರಿಕೆ, ಸುಸ್ತು ಅಂದರೆ ತಣ್ಣಗಿನ ಕೋಣೆಯಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಒಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೈ ಕೆಂಡದಂತೆ ಸುಡುತ್ತಿದ್ದು ಮಗು ತೊದಲಿದರೆ, ಮಂಕಾದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ ಅದು ತುರ್ತು. ಬಾಯಿಗೆ ಏನೂ ಹಾಕಬೇಡಿ. ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕುತ್ತ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಈ ನಂಬರನ್ನು ದೊಡ್ಡದಾಗಿ ಬರೆದು ಅತ್ತೆಗೆ ಕಾಣುವ ಗೋಡೆಗೆ ಇವತ್ತೇ ಅಂಟಿಸಿ. ಬರೆಯುವ ಕೆಲಸ ಮಗಳಿಗೆ ಕೊಡಿ.